ಹೆಸರು ಕೊಲ್ಹಾಪುರದ್ದು, ಕೈ ನಮ್ಮದೂ ಐತಿ

2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಕೊಲ್ಹಾಪುರಿ ಮಾದರಿಯ ಚಪ್ಪಲಿ ತೋರಿಸಿತು, ಮೂಲ ಮಾತ್ರ ಹೇಳಲಿಲ್ಲ. ಗದ್ದಲ ಆದ ಮ್ಯಾಲೆ ಒಪ್ಪಿಕೊಂಡಿತು. ಆ ಗದ್ದಲದಾಗೂ ಕರ್ನಾಟಕದ ಸಮಗಾರರ ಹೆಸರು ಹಿಂದೇ ಉಳೀತು ಅನ್ನೋದು ನನ್ನ ತಕರಾರು.

2019ರ ಜಿಐ ಟ್ಯಾಗ್ ನೋಡ್ರಿ. ಎಂಟು ಜಿಲ್ಲೆಗಳಲ್ಲಿ ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಂದ್ರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯೂ ಆ ನಕ್ಷೆಯೊಳಗೆ ಬರ್ತಾವ.

ಕಸುಬು ಹೋಲಿಸ್ರಿ. ಹೊಲದ ಕಾಲ್ಮರಿಗೆ ದಪ್ಪ ಅಟ್ಟೆ, ಅಲಂಕಾರ ಕಡಿಮೆ. ಪ್ಯಾಟಿ ಚಪ್ಪಲಿಗೆ ತೆಳು ತೊಗಲಿನ ಜಡೆ ಹೆಣಿಕೆ, ಕೆಂಪು ಗೊಂಡೆ. ಎರಡಕ್ಕೂ ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು. ಮೊಳೆ ಇಲ್ಲ, ತೊಗಲಿನ ದಾರದ್ದೇ ಹೊಲಿಗೆ. ಹೆಣೆಯೋ ಕೈ ಹೆಚ್ಚಾಗಿ ನಮ್ಮ ಹೆಣ್ಣುಮಕ್ಕಳದು.

ಬಾಗೇವಾಡಿ ಬಸವಣ್ಣ ಹುಟ್ಟಿದ ನೆಲ. ಸಮಗಾರ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನ ಎಲ್ಲರೂ ಭಕ್ತಿಯಿಂದ ಹೇಳ್ತಾರ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆದದ್ದಕ್ಕೆ ಬೀಗರಿಬ್ಬರಿಗೂ ಕಲ್ಯಾಣದಲ್ಲಿ ಎಳೆಹೂಟೆ ಶಿಕ್ಷೆ ಆಯ್ತು ಅಂತಾನೂ ಪರಂಪರೆ ಹೇಳ್ತದ.

ಚಪ್ಪಲಿ ಬೇಕು, ಬೀಗತನ ಬ್ಯಾಡ. 12ನೇ ಶತಮಾನದ ಈ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಕೊಳ್ಳುವಾಗ ಮಾಡಿದವರ ಊರು, ಹೆಸರು ಕೇಳ್ರಿ. ಚೌಕಾಸಿ ಆಮೇಲೆ.

ಜೈ ಭೀಮ್.