ಪೋರ್ಟ್‌ಲ್ಯಾಂಡಿನ ಗುಲಾಬಿ ತೋಟ ಮತ್ತು ಎರಡು ಯುದ್ಧ

ಅಮ್ಮ ಮೊದಲ ಸಲ ಇಲ್ಲಿಗೆ ಬಂದಿದ್ದಾಗ ಪೋರ್ಟ್‌ಲ್ಯಾಂಡಿನ ಗುಲಾಬಿ ತೋಟಕ್ಕೆ ಕರ್ಕೊಂಡು ಹೋಗಿದ್ದೆ. ಬೀವರ್ಟನ್, ಹಿಲ್ಸ್‌ಬರೋ ಕಡೆ ಕಂಪ್ಯೂಟರ್ ಕೆಲಸದಲ್ಲಿರೋ ಕನ್ನಡಿಗರು ಬಹಳ ಮಂದಿ ಮಾಡೋದು ಇದನ್ನೇ. ಊರಿಂದ ಅಪ್ಪ ಅಮ್ಮ ಬಂದ್ರೆ ಒಂದು ದಿನ ಜಲಪಾತ, ಒಂದು ದಿನ ಗುಲಾಬಿ ತೋಟ. (ಟಿಕೆಟ್ ಇಲ್ಲ ಅನ್ನೋದೂ ಒಂದು ಕಾರಣ ಅನ್ನಿ!) ಸುತ್ತಿ ಸುಸ್ತಾದ ಮೇಲೆ ಅಮ್ಮ ಎರಡು ಪ್ರಶ್ನೆ ಕೇಳಿದಳು. "ಇಷ್ಟೊಂದು ಹೂವಿದೆ, ಒಂದಾದ್ರೂ ಮುಡಿಯೋ ಹಾಗಿಲ್ವೇನೋ?" ಇನ್ನೊಂದು, "ಅಲ್ವೋ, ಬೋರ್ಡಲ್ಲಿ ಟೆಸ್ಟ್ ಅಂತ ಯಾಕೆ ಬರೆದಿದಾರೆ?" ಮೊದಲನೆಯದಕ್ಕೆ ಉತ್ತರ ಸುಲಭ, ಕೀಳೋ ಹಾಗಿಲ್ಲ. ಎರಡನೆಯದಕ್ಕೆ ಏನೋ ಹೇಳಿ ತಪ್ಪಿಸಿಕೊಂಡೆ. ಆಮೇಲೆ ಓದಿ ತಿಳಿದದ್ದು ಇಲ್ಲಿದೆ.

ತೋಟದ ಪೂರ್ತಿ ಹೆಸರು ಇಂಟರ್‌ನ್ಯಾಷನಲ್ ರೋಸ್ ಟೆಸ್ಟ್ ಗಾರ್ಡನ್. ಊರಿನ ಪಶ್ಚಿಮದ ಗುಡ್ಡದ ಮೇಲೆ, ವಾಷಿಂಗ್ಟನ್ ಪಾರ್ಕಿನೊಳಗಿದೆ. ನಾಲ್ಕೂವರೆ ಎಕರೆಯಲ್ಲಿ ಸುಮಾರು ಹತ್ತು ಸಾವಿರ ಗಿಡ, ಆರುನೂರಕ್ಕೂ ಹೆಚ್ಚು ತಳಿ. ಮೋಡ ಇಲ್ಲದ ದಿನ ದೂರದಲ್ಲಿ ಮೌಂಟ್ ಹುಡ್ ಬೆಳ್ಳಗೆ ಕಾಣುತ್ತೆ.

ಈ ಊರಿಗೆ ಗುಲಾಬಿ ಹುಚ್ಚು ಹಿಡಿದದ್ದು ತೋಟಕ್ಕಿಂತ ಮುಂಚೆ. 1888ರಲ್ಲಿ ಜಾರ್ಜಿಯಾನಾ ಪಿಟಕ್ ಎಂಬಾಕೆ (ಗಂಡ ಹೆನ್ರಿ ಪಿಟಕ್ 'ಒರೆಗೋನಿಯನ್' ಪತ್ರಿಕೆಯ ಮಾಲೀಕ) ಮನೆಯಂಗಳದಲ್ಲಿ ಡೇರೆ ಹಾಕಿಸಿ, ನೆರೆಹೊರೆಯವರೆಲ್ಲ ತಂತಮ್ಮ ಗುಲಾಬಿ ತಂದು ತೋರಿಸುವಂತೆ ಕರೆದರು. ಅಲ್ಲಿಂದ ಗುಲಾಬಿ ಸಂಘ ಹುಟ್ಟಿತು. 1905ರಲ್ಲಿ ಇಲ್ಲಿ ದೊಡ್ಡದೊಂದು ವಸ್ತುಪ್ರದರ್ಶನ ನಡೆಯುವ ಹೊತ್ತಿಗೆ ಬೀದಿ ಬದಿಗೆಲ್ಲ ಗುಲಾಬಿ ನೆಟ್ಟಿದ್ದರು. ಹೆಚ್ಚಾಗಿ ನೆಟ್ಟದ್ದು 'ಮದಾಂ ಕರೋಲಿನ್ ತೆಸ್ತೂ' ಅನ್ನೋ ದಪ್ಪ ಗುಲಾಬಿ ಬಣ್ಣದ ಹೂವು. 1890ರಲ್ಲಿ ಫ್ರಾನ್ಸಿನ ಲಿಯಾನ್ ಬಳಿಯ ಜೋಸೆಫ್ ಪೆರ್ನೆ-ದುಶೆ ಬಿಡುಗಡೆ ಮಾಡಿದ ತಳಿ. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1914ರಲ್ಲಿ ಯುದ್ಧ ಶುರುವಾಯ್ತು. ಹೊಸ ತಳಿಗಳೆಲ್ಲ ಹುಟ್ಟುತ್ತಿದ್ದದ್ದು ಹೆಚ್ಚಾಗಿ ಯೂರೋಪಿನಲ್ಲಿ. 'ಒರೆಗಾನ್ ಜರ್ನಲ್' ಪತ್ರಿಕೆಯ ಭಾನುವಾರದ ಸಂಚಿಕೆಯ ಸಂಪಾದಕ, ಗುಲಾಬಿ ಪ್ರೇಮಿ ಜೆಸ್ಸಿ ಕರಿ 1915ರಲ್ಲಿ ನಗರದವರ ಮುಂದೆ ಒಂದು ಮಾತಿಟ್ಟ: ಬಾಂಬು ಬಿದ್ದು ಆ ಗಿಡಗಳೆಲ್ಲ ನಾಶವಾದ್ರೆ ಗತಿಯೇನು, ನಾವೊಂದು ಜಾಗ ಕೊಡೋಣ. 1917ರಲ್ಲಿ ಒಪ್ಪಿಗೆ ಸಿಕ್ಕಿತು. 1918ರ ಆರಂಭದಲ್ಲಿ ಇಂಗ್ಲೆಂಡಿನಿಂದ ಗಿಡಗಳು ಬರತೊಡಗಿದವು.

ತೋಟದ ಕತೆಯನ್ನ ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಆದ್ರೆ ಇಸವಿಗಳನ್ನ ಸಾಲಾಗಿ ಇಟ್ಟು ನೋಡಿ. ಗಿಡ ಬರತೊಡಗಿದ ವರ್ಷವೇ, ನವೆಂಬರಿನಲ್ಲಿ, ಯುದ್ಧ ಮುಗೀತು. ನಗರದ ಫ್ಲಾರೆನ್ಸ್ ಹೋಮ್ಸ್ ಗರ್ಕೆ ಎಂಬಾಕೆಗೆ ತೋಟದ ವಿನ್ಯಾಸ ಒಪ್ಪಿಸಿದ್ದು 1921ರಲ್ಲಿ, ತೋಟದ ಉದ್ಘಾಟನೆ 1924ರ ಜೂನ್‌ನಲ್ಲಿ. ಅಂದ್ರೆ ಆಶ್ರಯಕ್ಕೆ ಅಂತ ಶುರುವಾದ ಜಾಗ ನಿಜಕ್ಕೂ ಕೆಲಸಕ್ಕೆ ಬಂದದ್ದು ಪರೀಕ್ಷೆಗೆ. ಮಾರುಕಟ್ಟೆಗೆ ಬರೋ ಮುಂಚೆ ಹೊಸ ತಳಿಗಳನ್ನ ಇಲ್ಲಿ ನೆಟ್ಟು, ಹೂವಿನ ಆಕಾರ, ಬಣ್ಣ, ಪರಿಮಳ, ರೋಗ ತಡೆಯೋ ಶಕ್ತಿ ಎಲ್ಲಕ್ಕೂ ಅಂಕ ಹಾಕ್ತಾರೆ. ಚಳಿಗಾಲವಿಡೀ ಜಿಟಿಜಿಟಿ ಮಳೆ ಹೊಡೆಯೋ ಈ ಊರಲ್ಲಿ ಕಪ್ಪು ಚುಕ್ಕೆ ರೋಗಕ್ಕೆ ಬೀಳದ ಗಿಡ ಗಟ್ಟಿ ಗಿಡವೇ ಸರಿ! ಗೆದ್ದವಕ್ಕೆ 1919ರಿಂದ ನಗರವೇ ಚಿನ್ನದ ಪದಕ ಕೊಡುತ್ತಾ ಬಂತು. ಪದಕ ಗೆದ್ದ ಹಳೇ ತಳಿಗಳಿಗೇ ಒಂದು ಭಾಗ ಇದೆ. ಕರಿ ತೋಟದ ಮೊದಲ ಮೇಲ್ವಿಚಾರಕನಾಗಿ 1927ರಲ್ಲಿ ಸಾಯೋವರೆಗೂ ದುಡಿದ.

ಶೇಕ್ಸ್‌ಪಿಯರ್ ಹೆಸರಿನ ಭಾಗ, ಬಯಲು ರಂಗಮಂದಿರ, ಲೀ ಕೆಲ್ಲಿ ಮಾಡಿದ ಉಕ್ಕಿನ ಕಾರಂಜಿ, ಇವೆಲ್ಲ ಇವೆ. ಫೋಟೋಗೆ ಚೆನ್ನ. ಕಾರಂಜಿ ಅಮ್ಮನಿಗೆ ಹಿಡಿಸಲಿಲ್ಲ, ನನಗೂ ಅಷ್ಟಕ್ಕಷ್ಟೇ.

ಹಾಗಾದ್ರೆ ಕರಿಯ ಭಯ ಬರೀ ಭಯವೇ? ಅಲ್ಲ. ಪೋರ್ಟ್‌ಲ್ಯಾಂಡಿನ ಬೀದಿಗೆಲ್ಲ ಹೂ ಕೊಟ್ಟ ಪೆರ್ನೆ-ದುಶೆಯ ಇಬ್ಬರು ಗಂಡುಮಕ್ಕಳು, ಕ್ಲೋದಿಯಸ್ ಮತ್ತು ಜಾರ್ಜ್, ಅದೇ ಯುದ್ಧದಲ್ಲಿ ಸತ್ತರು. ಅಪ್ಪ 1920 ಮತ್ತು 21ರಲ್ಲಿ ಹೊರತಂದ ಎರಡು ಗುಲಾಬಿಗಳಿಗೆ ಅವರ ಹೆಸರಿಟ್ಟ. ಕ್ಲೋದಿಯಸ್‌ನ ನೆನಪಿನ ಹೂವು ಹಳದಿ.

ಇಪ್ಪತ್ತು ವರ್ಷ ಕಳೆದು ಎರಡನೇ ಯುದ್ಧ. ಲಿಯಾನ್ ಸೀಮೆಯವನೇ ಆದ ಫ್ರಾನ್ಸಿಸ್ ಮೆಯಾಂ ಅನ್ನೋ ತರುಣ, ಅಂಚಿಗೆ ಗುಲಾಬಿ ಬಣ್ಣವಿರೋ ಹಳದಿ ಹೂವಿನ ಹೊಸ ತಳಿಯೊಂದನ್ನ ಬೆಳೆಸಿದ್ದ. ಜರ್ಮನ್ ಸೇನೆ ಫ್ರಾನ್ಸಿಗೆ ನುಗ್ಗೋ ಮುಂಚೆ ಅದರ ಕಣ್ಣುಕಡ್ಡಿಗಳನ್ನ (ಕಣ್ಣು ಕಸಿಗೆ ಬಳಸೋ ಕಡ್ಡಿ) ಜರ್ಮನಿ, ಇಟಲಿ, ಅಮೆರಿಕಕ್ಕೆ ಕಳಿಸಿದ. ಅಮೆರಿಕದಲ್ಲಿ ಪೆನ್ಸಿಲ್ವೇನಿಯಾದ ರಾಬರ್ಟ್ ಪೈಲ್ ಅದನ್ನ ಕಸಿ ಮಾಡಿ ಬೆಳೆಸಿದ. 1944ರಲ್ಲಿ, ಯುದ್ಧ ಇನ್ನೂ ನಡೀತಿರುವಾಗಲೇ, ಆ ಗುಲಾಬಿಗೆ ಪೋರ್ಟ್‌ಲ್ಯಾಂಡಿನ ಚಿನ್ನದ ಪದಕ ಬಂತು. ಮಾರನೇ ವರ್ಷ ಏಪ್ರಿಲ್ 29ಕ್ಕೆ ಅಮೆರಿಕದಲ್ಲಿ ಅದಕ್ಕೆ ಹೆಸರಿಟ್ಟರು: ಪೀಸ್. ಶಾಂತಿ.

ಅದರ ವಂಶಾವಳಿ ಅಂತ ದಾಖಲಾಗಿರೋದರಲ್ಲಿ ಅಜ್ಜ ಮುತ್ತಜ್ಜಂದಿರ ಸಾಲಿನಲ್ಲಿ ಒಂದು ಹೆಸರಿದೆ. ಕ್ಲೋದಿಯಸ್ ಪೆರ್ನೆಯ ನೆನಪಿನ ಆ ಹಳದಿ ಗುಲಾಬಿಯದು. ಇದನ್ನ ಓದಿದ ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನ ತಾಯಿ ಏನಾದ್ಲೋ?" ಅಂದಳು.

ಈ ಕಡೆ ಬರೋರಿದ್ರೆ ಜೂನ್‌ನಲ್ಲಿ ಬನ್ನಿ, ತೋಟ ತುಂಬಿರುತ್ತೆ. ಅಕ್ಟೋಬರ್‌ವರೆಗೂ ಹೂವಿರುತ್ತೆ, ಆಮೇಲೆ ಬರೀ ಮಳೆ, ಮುಳ್ಳು.