ಮಡಗಿದ ಪ್ರೀತಿ

ರಾಜಾನುಕುಂಟೆಯ ಕಡೆ ‘ಇಡು’ ಎಂದು ಬರೆಯುತ್ತಾರೆ, ‘ಮಡಗು’ ಎಂದು ಆಡುತ್ತಾರೆ. ಯಲಹಂಕ–ದೊಡ್ಡಬಳ್ಳಾಪುರ ರಸ್ತೆಯ ಇಕ್ಕೆಲದಲ್ಲೂ ಅಪಾರ್ಟ್‌ಮೆಂಟುಗಳು ಎದ್ದಿವೆ, ಕಾಲೇಜು ಹುಡುಗರ ಹತ್ತು ಭಾಷೆ ಬಸ್‌ಸ್ಟಾಪಿನಲ್ಲಿ ಕಲೆಯುತ್ತವೆ. ಆದರೂ ಹಳೆಯ ಮನೆಗಳಲ್ಲಿ ಚೀಲವನ್ನು ಮೂಲೆಗೆ ಮಡಗುತ್ತಾರೆ, ಸಾರನ್ನು ಒಲೆ ಮೇಲೆ ಮಡಗುತ್ತಾರೆ, ಮಗಳ ಮದುವೆಗೆ ನಾಕು ಕಾಸು ಮಡಗುತ್ತಾರೆ. ಆ ಊರಲ್ಲೇ ಒಂದು ಭಾನುವಾರ, ಪ್ರಾರ್ಥನೆ ಮುಗಿಸಿ ಮೆಟ್ಟಿಲಿಳಿಯುತ್ತಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಅಂದಿನ ವಾಕ್ಯವನ್ನು ತಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದರು: “ದ್ಯಾವ್ರು ನಮ್ಮೇಲೆ ಪ್ರೀತಿ ಮಡಗವ್ನೆ ಕಣವ್ವಾ, ನಾವು ಕೇಳಾಕ್ ಮುಂಚೇನೇ.”

ಆ ವಾಕ್ಯ ಯೋಹಾನನ ಸುವಾರ್ತೆಯ 3ನೆಯ ಅಧ್ಯಾಯದ 16ನೆಯದು. ಕ್ರೈಸ್ತರಲ್ಲದವರಿಗೂ ಗೋಡೆ ಬರಹಗಳಿಂದ, ಆಟೋದ ಬೆನ್ನಿನಿಂದ ಅದರ ಅಂಕಿಯಾದರೂ ಗೊತ್ತು. ಫರಿಸಾಯರಲ್ಲಿ ದೊಡ್ಡವನಾದ ನಿಕೊದೇಮ ರಾತ್ರಿ ಹೊತ್ತು ಯೇಸುವನ್ನು ಹುಡುಕಿಕೊಂಡು ಬಂದಾಗಿನ ಮಾತುಕತೆಯ ನಡುವೆ ಅದು ಬರುತ್ತದೆ. ದೇವರು ಲೋಕವನ್ನು ಅಷ್ಟೊಂದು ಪ್ರೀತಿಸಿ ತನ್ನ ಒಬ್ಬನೇ ಮಗನನ್ನು ಕೊಟ್ಟ, ನಂಬಿದ ಯಾರೂ ನಾಶವಾಗಬಾರದು ಎಂಬುದು ಅದರ ಸಾರ. ಗ್ರೀಕ್ ಮೂಲದಲ್ಲಿ ‘ಪ್ರೀತಿಸಿದ’ ಎನ್ನಲು ಒಂದೇ ಕ್ರಿಯಾಪದವಿದೆ. ಬೈಬಲ್ ಸೊಸೈಟಿಯ ಹಳೆಯ ಕನ್ನಡ ಅನುವಾದ ಅದನ್ನು ‘ಪ್ರೀತಿಯನ್ನಿಟ್ಟು’ ಎಂದು ಬಿಡಿಸಿತು. ನನ್ನ ಮನಸ್ಸು ನಿಂತಿರುವುದು ಆ ‘ಇಟ್ಟು’ವಿನ ಮೇಲೆ.

ಕನ್ನಡಕ್ಕೆ ಬೈಬಲ್ ಬಂದದ್ದು ಬಳ್ಳಾರಿಯ ದಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಭಾಷೆ ಕಲಿತು, ಅನುವಾದಕ್ಕೆ ಕೂತರು. ವಿಲಿಯಂ ರೀವ್ ಜೊತೆಯಾದರು. 1831ರ ಹೊತ್ತಿಗೆ ಎರಡೂ ಒಡಂಬಡಿಕೆಗಳು ಕನ್ನಡದಲ್ಲಿದ್ದವು. ಆಮೇಲೆ ಬಾಸೆಲ್ ಮಿಷನ್ನಿನ ವೈಗ್ಲೆ, ಮೊಗ್ಲಿಂಗ್ ಮುಂತಾದವರು ಅದನ್ನು ತಿದ್ದಿದರು. ಮಿಷನರಿಗಳ ಹೆಸರು ಪುಸ್ತಕಗಳಲ್ಲಿ ಉಳಿದಿದೆ. ಪಕ್ಕದಲ್ಲಿ ಕೂತು ‘ಹಾಗಲ್ಲ ಸ್ವಾಮಿ, ನಮ್ಮಲ್ಲಿ ಹೀಗೆ ಅಂತೀವಿ’ ಎಂದಿರಬಹುದಾದ ಮುನ್ಷಿಗಳಲ್ಲಿ ಹೆಚ್ಚಿನವರ ಹೆಸರು ನಮ್ಮ ನೆನಪಿನಲ್ಲಿಲ್ಲ. ಕನ್ನಡದ ಕಿವಿ ಇಲ್ಲದವರಿಗೆ ‘ಪ್ರೀತಿಯನ್ನಿಟ್ಟು’ ಹೊಳೆಯುವ ಮಾತಲ್ಲ ಎಂದು ನಾನು ನಂಬುತ್ತೇನೆ.

ಇಡು ಎಂಬುದು ತಮಿಳು, ತೆಲುಗಿಗೂ ಸೇರಿದ ಹಳೆಯ ಧಾತು. ಹಳಗನ್ನಡದಲ್ಲಿ ಅದಕ್ಕೆ ಎಸೆ, ಹೊಡೆ ಎಂಬ ಒರಟು ಅರ್ಥವೂ ಇತ್ತು. ಬರಬರುತ್ತಾ ಅದು ಮೆತ್ತಗಾಗಿ ಮನೆಯೊಳಕ್ಕೆ ಬಂತು. ಮಗುವಿಗೆ ಹೆಸರಿಡುತ್ತೇವೆ, ಕೆನ್ನೆಗೆ ದೃಷ್ಟಿಬೊಟ್ಟು ಇಡುತ್ತೇವೆ. ಎಸರಿಡುತ್ತೇವೆ. ಹೋದವರಿಗೆ ಎಡೆ ಇಡುತ್ತೇವೆ. ಕೈ ಬಿಗಿಯಾದಾಗ ಒಡವೆಯನ್ನು ಅಡ ಇಡುತ್ತೇವೆ. ನಂಬಿಕೆ, ಆಸೆ, ಮನಸ್ಸು, ಕಣ್ಣು ಎಲ್ಲವನ್ನೂ ಇನ್ನೊಬ್ಬರ ಮೇಲೆ ಇಡುತ್ತೇವೆ. ಇಟ್ಟ ಮೇಲೆ ಅದು ನಮ್ಮ ಕೈಯಲ್ಲಿಲ್ಲ. ಉಳಿಸಿಕೊಳ್ಳುವುದೂ ಕೆಡಿಸುವುದೂ ಅವರಿಗೆ ಬಿಟ್ಟದ್ದು. ಪ್ರೀತಿಯ ವಿಷಯದಲ್ಲಿ ಕನ್ನಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ನಮ್ಮ ಹಳ್ಳಿಯ ತಾಯಿ ಮಗನಿಗೆ ‘ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಬಾಯಿಬಿಟ್ಟು ಹೇಳುವವಳಲ್ಲ. ಊರವರು ಅವಳ ಬಗ್ಗೆ ಹೇಳುತ್ತಾರೆ: “ಮಗನ ಮೇಲೆ ಜೀವಾನೇ ಇಟ್ಕೊಂಡವ್ಳೆ.”

ಇಲ್ಲಿ ಒಂದು ವಿಚಿತ್ರವಿದೆ. ಯೋಹಾನನ 10ನೆಯ ಅಧ್ಯಾಯದಲ್ಲಿ ಒಳ್ಳೆಯ ಕುರುಬ ಕುರಿಗಳಿಗಾಗಿ ಪ್ರಾಣ ಕೊಡುವ ಮಾತು ಬರುತ್ತದೆ. ಕನ್ನಡದಲ್ಲಿ ‘ಕೊಡು’ ಎಂದಿರುವ ಆ ಜಾಗದಲ್ಲಿ ಗ್ರೀಕಿನಲ್ಲಿರುವುದು ‘ಇಡು’ ಎಂಬರ್ಥದ ಕ್ರಿಯಾಪದ. ಅಲ್ಲಿ ಕನ್ನಡ ಕೈಬಿಟ್ಟ ‘ಇಡು’, ಮೂಲದಲ್ಲಿ ಅದಿಲ್ಲದ 3ನೆಯ ಅಧ್ಯಾಯದ ವಾಕ್ಯದಲ್ಲಿ ಬಂದು ಕೂತಿದೆ.

ದೇವರಿಗೂ ಈ ಕ್ರಿಯಾಪದಕ್ಕೂ ನಂಟು ಹಳೆಯದೇ. ‘ದೇವ್ರು ಇಟ್ಟಂಗೆ ಆಗ್ಲಿ’ ಎನ್ನುವುದು ನಮ್ಮ ಜನ ಬೆಳೆ ಕೈಕೊಟ್ಟಾಗಲೂ, ಆಸ್ಪತ್ರೆಯ ಬಾಗಿಲಲ್ಲಿ ಕಾಯುವಾಗಲೂ ಆಡುವ ಮಾತು. ಅಲ್ಲಿ ಇಡುವವನು ದೇವರು, ಇಡಿಸಿಕೊಳ್ಳುವವರು ನಾವು. ಯೋಹಾನನ ವಾಕ್ಯದಲ್ಲೂ ಇಡುವವನು ಅವನೇ. ಆದರೆ ಇಟ್ಟದ್ದು ತನ್ನ ಪ್ರೀತಿಯನ್ನು, ತನ್ನ ಒಳಗಿನದನ್ನು. ಹಾಗೆ ನೋಡಿದರೆ ಅಡವಾಗಿರುವುದು ದೇವರದೇ ಸೊತ್ತು.

ಅನುವಾದಕರ ಕೈಗೆ ‘ಒಲಿ’ ಎಂಬ ಚೆಂದದ ಪದವೂ ಸಿಗಬಹುದಿತ್ತು. ಶರಣರೂ ದಾಸರೂ ಬಳಸಿ ಬೆಳಗಿಸಿದ ಪದ. ಅವರ ಮಾತುಗಳಲ್ಲಿ ಬರುವ ದೇವರು ಸುಮ್ಮನೆ ಒಲಿದದ್ದೂ ಉಂಟು. ಆದರೆ ಒಲಿ ಎಂಬುದಕ್ಕೆ ‘ಒಲಿಸಿಕೊ’ ಎಂಬ ರೂಪವಿದೆ: ತಪಸ್ಸಿನಿಂದ, ಭಕ್ತಿಯಿಂದ, ಹಾಡಿನಿಂದ ದೇವರನ್ನು ಒಲಿಸಿಕೊಳ್ಳಬಹುದು. ‘ದೇವರಿಂದ ಪ್ರೀತಿ ಇಡಿಸಿಕೊಂಡೆ’ ಎಂದು ಯಾರೂ ಹೇಳುವುದಿಲ್ಲ. ನಾವು ದೇವರನ್ನು ಪ್ರೀತಿಸಿದ್ದರಿಂದ ಇದು ಶುರುವಾಗಲಿಲ್ಲ, ಆತನೇ ಮೊದಲು ಪ್ರೀತಿಸಿದ ಎಂದು ಯೋಹಾನನ ಮೊದಲ ಪತ್ರ ಒತ್ತಿ ಹೇಳುತ್ತದೆ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ಕ್ರಿಸ್ತ ಸತ್ತ ಎಂದು ಪೌಲ ರೋಮಿನವರಿಗೆ ಬರೆದದ್ದೂ ಇದನ್ನೇ. ಅಜ್ಜಿ ‘ಕೇಳಾಕ್ ಮುಂಚೇನೇ’ ಎಂದು ಸೇರಿಸಿದ್ದು ಯೋಹಾನನ 3ನೆಯ ಅಧ್ಯಾಯದಲ್ಲಿಲ್ಲ. ಬೈಬಲ್ಲಿನ ಉದ್ದಕ್ಕೂ ಇದೆ. ಹೋಶೇಯ ಪ್ರವಾದಿಯ ಪುಸ್ತಕದಲ್ಲಿ ದೇವರು ಮಗುವಿಗೆ ನಡೆ ಕಲಿಸಿದ ತಂದೆಯ ಹಾಗೆ ಮಾತಾಡುತ್ತಾನೆ. ಆ ಮಗು ದೂರ ಹೋಗುತ್ತಲೇ ಇರುತ್ತದೆ, ಅವನಿಗೆ ಕೈಬಿಡಲು ಮನಸ್ಸಾಗುವುದಿಲ್ಲ.

ಇನ್ನು ಇಟ್ಟದ್ದು ಎಲ್ಲಿ? ‘ಲೋಕದ ಮೇಲೆ’. ಯೋಹಾನನ ಸುವಾರ್ತೆಯಲ್ಲಿ ಲೋಕ ಎಂದರೆ ಒಳ್ಳೆಯವರ ಕೂಟವಲ್ಲ. ತನ್ನನ್ನು ಉಂಟುಮಾಡಿದವನನ್ನೇ ಗುರುತಿಸದ ಲೋಕ ಅದು, ಯೇಸುವನ್ನು ಹಗೆ ಮಾಡಿದ ಲೋಕ. ಭಕ್ತರ ಮೇಲೆ, ಸಭೆಯವರ ಮೇಲೆ ಎಂದು ಬರೆದಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ. ರಾಜಾನುಕುಂಟೆಯ ಸರ್ಕಲ್ಲಿನಲ್ಲಿ ನಿಂತು ಆ ಮಾತನ್ನು ನೆನೆದಾಗ ಅದರ ಅಗಲ ನನಗೆ ತಟ್ಟುತ್ತದೆ. ಹೂ ಕಟ್ಟುವವಳು, ಒಡಿಶಾದಿಂದ ಬಂದ ಗಾರೆ ಕೆಲಸದವನು, ಜಮೀನು ಮಾರಿದ ಗೌಡರು, ಅದನ್ನು ಕೊಂಡವರು, ಎಲ್ಲರೂ ಆ ‘ಮೇಲೆ’ಯ ಕೆಳಗೆ ಬರುತ್ತಾರೆ. ಒಬ್ಬರನ್ನು ಬಿಟ್ಟರೂ ವಾಕ್ಯ ಸುಳ್ಳಾಗುತ್ತದೆ.

ಕನ್ನಡದ ವಾಕ್ಯ ಪೂರ್ಣವಾಗುವುದು ಕೊನೆಯ ಕ್ರಿಯಾಪದದಲ್ಲಿ. ‘ಪ್ರೀತಿಯನ್ನಿಟ್ಟು’ ಎಂದು ನಿಲ್ಲಿಸಿದರೆ ಕೇಳುವವರು ‘ಇಟ್ಟು, ಆಮೇಲೆ?’ ಎನ್ನುತ್ತಾರೆ. ಆಮೇಲೆ ‘ಕೊಟ್ಟನು’ ಬರಲೇಬೇಕು. ಶಿಲುಬೆಯ ಕಥೆಯೆಲ್ಲ ಆ ‘ಕೊಟ್ಟನು’ವಿನಲ್ಲಿದೆ. ಪ್ರೀತಿಗೆ ನಮ್ಮ ವ್ಯಾಕರಣ ಪೂರ್ಣವಿರಾಮ ಕೊಡಲಿಲ್ಲ, ಕೆಲಸ ಹಚ್ಚಿತು. ಇದನ್ನು ಓದುವಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಲೂಕನ 15ನೆಯ ಅಧ್ಯಾಯದ ಕಥೆಯಲ್ಲಿ ಆಸ್ತಿಯೆಲ್ಲ ಹಾಳುಮಾಡಿ ಹಂದಿ ಕಾದು ಮನೆಗೆ ಮರಳುವ ಮಗ, ‘ಆಳಾಗಿಯಾದರೂ ಇಟ್ಟುಕೊ’ ಎನ್ನಲು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬರುತ್ತಾನೆ. ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಕಂಡು, ಓಡಿಬಂದು, ಅಪ್ಪಿ, ಮುದ್ದಿಡುತ್ತಾನೆ. ಆಳಾಗುವ ಮಾತು ಮಗನ ಬಾಯಲ್ಲೇ ಉಳಿಯುತ್ತದೆ. ಆ ಮುದ್ದಿಡುವುದರಲ್ಲೂ ಅದೇ ‘ಇಡು’. ಕೆಲವರು ಇದನ್ನು ಕ್ಷಮೆಯ ಕಥೆ ಎನ್ನುತ್ತಾರೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು ಆ ಓಟ. ಮನೆ ಯಜಮಾನ, ವಯಸ್ಸಾದವನು, ಊರೆಲ್ಲ ನೋಡುವಾಗ ಪಂಚೆ ಎತ್ತಿ ಕಟ್ಟಿ ಓಡುವುದು ನಮ್ಮ ಹಳ್ಳಿಯಲ್ಲೂ ಹಗುರದ ಸಂಗತಿಯಲ್ಲ.

ಈಚಿನ ಕೆಲವು ಅನುವಾದಗಳು ‘ಪ್ರೀತಿಯನ್ನಿಟ್ಟು’ ಎಂಬಲ್ಲಿ ‘ಪ್ರೀತಿಸಿ’ ಎಂದಿವೆ. ಮೂಲಕ್ಕೆ ಅದು ಹತ್ತಿರ, ಓದಲೂ ಸಲೀಸು, ತಪ್ಪೆನ್ನುವಂತಿಲ್ಲ. ಆದರೂ ಮುಂದೆ ಪರಿಷ್ಕರಣೆಗೆ ಕೂರುವವರನ್ನು ಕೇಳಿಕೊಳ್ಳುತ್ತೇನೆ, ಪಕ್ಕದಲ್ಲಿ ಭಾಷಾಂತರದ ಕೋಶಗಳ ಜೊತೆ ಈ ಭಾಗದ ನಾಲ್ಕು ಜನ ಹಿರಿಯ ಹೆಂಗಸರನ್ನೂ ಕೂರಿಸಿಕೊಳ್ಳಿ. ಎರಡೂ ರೂಪಗಳನ್ನು ಗಟ್ಟಿಯಾಗಿ ಓದಿ, ಯಾವುದನ್ನು ಮನೆಗೆ ಒಯ್ಯುತ್ತೀರಿ ಎಂದು ಅವರನ್ನೇ ಕೇಳಿ.