ಕೂರೋಕೂ ದುಡ್ಡಾ?

ಕಳೆದ ತಿಂಗಳು ಅಮ್ಮನನ್ನು ಕರೆದುಕೊಂಡು ದೆಹಲಿಗೆ ಹೊರಟಿದ್ದೆ. ಬೆಂಗಳೂರಿನಲ್ಲಿ ವಿಮಾನ ನಾಲ್ಕು ಗಂಟೆ ತಡ. ಲೌಂಜಿಗೆ ತಲಾ 1,200 ರೂಪಾಯಿ ಎಂದಾಗ ಅಮ್ಮ ಕೇಳಿದಳು: "ಕೂರೋಕೂ ದುಡ್ಡಾ?"

ಈ ಪ್ರಶ್ನೆಗೊಂದು ಚರಿತ್ರೆಯಿದೆ. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್ ನ್ಯೂಯಾರ್ಕಿನ ಲಾಗಾರ್ಡಿಯಾ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ತೆರೆಯಿತು. ಆಗ ಅಲ್ಲಿ ದುಡ್ಡು ನಡೆಯುತ್ತಿರಲಿಲ್ಲ. ಕಂಪನಿ ಕರೆದವರಿಗಷ್ಟೇ ಪ್ರವೇಶ. ಮುಂದೆ ಸದಸ್ಯತ್ವ ಮಾರಾಟಕ್ಕೆ ಬಂತು. 1992ರಲ್ಲಿ ಶುರುವಾದ ಪ್ರಯಾರಿಟಿ ಪಾಸ್‌ನಂಥ ಕಾರ್ಡುಗಳಿಂದ, ಯಾವ ಕಂಪನಿಯ ಟಿಕೆಟ್ ಇದ್ದರೂ ಒಳಹೋಗಬಹುದಾಯಿತು.

ಆಹ್ವಾನಕ್ಕಿಂತ ಬೆಲೆಯೇ ವಾಸಿ ಎನ್ನಬಹುದು. 1893ರಲ್ಲಿ ಪೀಟರ್‌ಮರಿಟ್ಸ್‌ಬರ್ಗಿನಲ್ಲಿ, ಮೊದಲ ದರ್ಜೆಯ ಟಿಕೆಟ್ ಇದ್ದರೂ ಗಾಂಧಿಯನ್ನು ರೈಲಿನಿಂದ ಹೊರದಬ್ಬಿದರು. ಆ ರಾತ್ರಿಯನ್ನು ಅವರು ನಿಲ್ದಾಣದ ವೇಟಿಂಗ್ ರೂಮಿನಲ್ಲಿ ಚಳಿಯಲ್ಲಿ ನಡುಗುತ್ತ ಕಳೆದರು. ನಮ್ಮನ್ನು ಇಲ್ಲಿ ಬಣ್ಣ ನೋಡಿ ಯಾರೂ ತಡೆಯುವುದಿಲ್ಲ. ತಡೆಯುವುದು 2,400 ರೂಪಾಯಿ ಮಾತ್ರ. ಫೆಲೋಶಿಪ್ ಬಂದು ಮೂರು ತಿಂಗಳಾದವರಿಗೆ ಅದೂ ಗೋಡೆಯೇ.

ಆದರೂ ಅಮ್ಮನ ಊದಿದ ಕಾಲು ನೋಡಿ ಕಾರ್ಡ್ ತೆಗೆದೆ. ತಿರುಗಿ ನೋಡಿದರೆ, ಆಕೆ ಗೇಟಿನ ಬಳಿ ಖಾಲಿ ಕುರ್ಚಿಗಳ ಮೇಲೆ ಕಾಲು ಚಾಚಿ ಚಪಾತಿ ಡಬ್ಬಿ ಬಿಚ್ಚಿದ್ದಳು. ಊಟಕ್ಕೂ ಒರಗುವುದಕ್ಕೂ ಗತಿಯಿಲ್ಲದಿದ್ದರೆ ಲೌಂಜಿಗೆ ಕೊಟ್ಟ ದುಡ್ಡು ದಂಡವಲ್ಲ. ಅವತ್ತು ನಮಗೆ ಎರಡೂ ಇತ್ತು. ಕಾರ್ಡ್ ಒಳಗಿಟ್ಟು ಪಕ್ಕದಲ್ಲಿ ಕೂತೆ.